ಬಾಯಮ್ಮನ ಎಂಟು ಮಂಚದ ಆಸ್ಪತ್ರೆ

ಬಾಯಮ್ಮನ ಅಂಗೈಗಳು ಸದಾ ಬಿರಿದಿರುತ್ತಿದ್ದವು. ವಾರ್ಡಿನಲ್ಲಿ ದಿನವಿಡೀ ಕೈ ತೊಳೆದು ತೊಳೆದು ಚರ್ಮ ಪದರಪದರವಾಗಿ ಏಳುತ್ತಿತ್ತು. ಡ್ಯೂಟಿ ಮುಗಿಸಿ ಬಂದವರೇ ತೆಂಗಿನೆಣ್ಣೆ ಹಚ್ಚಿಕೊಂಡು ನಮ್ಮ ಮನೆಗೆ ಬರುತ್ತಿದ್ದರು. ಅವರು ಕುಡಿದಿಟ್ಟ ಚಹಾದ ಲೋಟ ತೊಳೆಯುವಾಗ ನನ್ನ ಕೈಯಿಂದ ಜಾರುತ್ತಿತ್ತು.

ಕುವೈತಿನ ಖೈತಾನಿನಲ್ಲಿ ನಮ್ಮ ಎದುರಿನ ಫ್ಲ್ಯಾಟು ಅವರದು. ಮಂಗಳೂರು ಕಡೆಯ ಕೊಂಕಣಿ ಕ್ರಿಶ್ಚಿಯನರು, ಮದುವೆಯಾಗದೆ ಕುವೈತಿನಲ್ಲೇ ತಲೆ ಹಣ್ಣು ಮಾಡಿಕೊಂಡ ನರ್ಸು. ತುಳುವರಾದ ನಾವು, ನಮ್ಮಲ್ಲಿ ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವ ಹಾಗೆ, ಅವರನ್ನು ಬಾಯಮ್ಮ ಎನ್ನುತ್ತಿದ್ದೆವು. ಅವರಷ್ಟು ಅಂಜುವ ಹೆಂಗಸನ್ನು ನಾನು ಕಂಡಿಲ್ಲ. ಇಕಾಮಾ ಎಂಬ ವಾಸದ ಪರವಾನಗಿಯ ನವೀಕರಣದ ತಿಂಗಳು ಅವರಿಗೆ ಊಟ ಸೇರುತ್ತಿರಲಿಲ್ಲ. ಲಿಫ್ಟು ಚೂರು ತಡವರಿಸಿದರೆ “ಸಾಯ್ಬಾ, ಸಾಯ್ಬಾ” ಎಂದು ದೇವರನ್ನು ಕರೆಯುತ್ತಿದ್ದರು.

ಅವರ ಮಾತೆಲ್ಲ ಊರಿನ ಆಸ್ಪತ್ರೆಯ ಸುತ್ತಲೇ. ಎಂಟು ಮಂಚದ, ಹೆಂಚಿನ ಮಾಡಿನ ಆಸ್ಪತ್ರೆ. ನನ್ನ ತವರೂ ಅದರ ಹತ್ತಿರವೇ. ನಾನು ಹುಟ್ಟಿದ್ದು ಅಲ್ಲೇ. ಬ್ರಿಟಿಷರ ಕಾಲದಲ್ಲಿ ಬಾಯಮ್ಮನ ಅಜ್ಜಿ ಅಲ್ಲಿ ದಾದಿಯಾಗಿದ್ದರು.

“ತಾಲೂಕು ಬೋರ್ಡಿನವರು ಕೊಡ್ತಿದ್ದದ್ದು ಔಷಧಿಗೆ ಮಾತ್ರ ಮಾರಾಯ್ತಿ,” ಎನ್ನುತ್ತಿದ್ದರು. “ಅದೂ ಸಾಹೇಬ್ರು ಬಂದು, ಗೋಡೆಗೆ ಸುಣ್ಣ ಉಂಟಾ, ಬಾವಿಗೆ ಕಟ್ಟೆ ಉಂಟಾ ಅಂತ ಎಲ್ಲ ನೋಡಿ ಹೋದ ಮೇಲೆ. ಗಂಜಿ, ಸೌದೆ, ದೀಪದ ಎಣ್ಣೆ ಎಲ್ಲ ಊರಿನವರದ್ದೇ.” ಬೇರೆ ಕೋಣೆಯಲ್ಲಿ ಮಲಗುವ ಶ್ರೀಮಂತರ ಫೀಸಿನಿಂದ ಡಾಕ್ಟರ ಸಂಬಳ ಹೊರಡುತ್ತಿತ್ತಂತೆ. ಒಂದು ವರ್ಷ ಬೋರ್ಡಿನ ಹಣವೇ ಬರಲಿಲ್ಲ. ಔಷಧಿ ಇಲ್ಲದೆ ಫೀಸು ಕೊಡುವವರೂ, ಗಂಜಿ ಕೊಡುವವರೂ ಹಿಂದೆ ಸರಿದರು. ಡಾಕ್ಟರು ಪೆಟ್ಟಿಗೆ ಕಟ್ಟಿದರು. ಆಗ ಅಜ್ಜಿ ಮನೆಮನೆಗೆ ಹೋಗಿ, ದಿನಕ್ಕೊಂದು ಮನೆಯಿಂದ ರೋಗಿಗಳಿಗೆ ಗಂಜಿ ಗೊತ್ತುಮಾಡಿದರು. ಹೊರಟು ನಿಂತ ಡಾಕ್ಟರ ಮನೆಗೆ ಸಂಬಳದ ಬದಲು ಅಕ್ಕಿಮುಡಿ ಹೊರಿಸಿ ಕಳಿಸಿದರು. ಆಸ್ಪತ್ರೆ ಉಳಿಯಿತು.

ಕೆಲವು ವರ್ಷದ ಹಿಂದೆ ಅದನ್ನು ನಡೆಸುವ ಟ್ರಸ್ಟಿನವರು, ಇನ್ನು ಸಾಕು, ಮಳೆಗಾಲ ಕಳೆದ ಮೇಲೆ ಮುಚ್ಚುವುದು ಎಂದು ತೀರ್ಮಾನಿಸಿದರು. ಸುದ್ದಿ ಕೇಳಿದ ಬಾಯಮ್ಮ ಕಟ್ಟಡದ ನಮ್ಮೂರವರ ಬಾಗಿಲು ತಟ್ಟಿ ಹಣ ಕೂಡಿಸತೊಡಗಿದರು. ನನ್ನ ಗಂಡನಿಗೆ ಗಾಬರಿಯಾಯಿತು.

“ಬಾಯಮ್ಮ, ಇಲ್ಲಿ ಪರ್ಮಿಶನ್ ಇಲ್ಲದೆ ಹಣ ಕಲೆಕ್ಟ್ ಮಾಡಿದ್ರೆ ಊರಿಗೇ ಕಳಿಸ್ತಾರೆ. ಗೊತ್ತುಂಟಲ್ಲ?”

“ನೆರೆಕರೆಯವರತ್ರ ಕೇಳಿದ್ದಲ್ವಾ?” ಎಂದರು. ಮುಖದ ಬಣ್ಣ ಆಗಲೇ ಇಳಿದಿತ್ತು.

ಮರುದಿನವೇ ಕಟ್ಟಡ ಕಾಯುವವನು ಅವರನ್ನು ಗೇಟಿನಲ್ಲಿ ನಿಲ್ಲಿಸಿದ. “ಸಿಸ್ಟರ್, ದೋ ಆದ್ಮಿ ಆಯಾ. ಆಪ್ ಕೋ ಪೂಛಾ.” ಬಂದ ಇಬ್ಬರು ಯಾರು, ಬಾಯಮ್ಮನನ್ನು ಯಾಕೆ ಕೇಳಿದರು, ಅವನಿಗೆ ತಿಳಿದಿರಲಿಲ್ಲ.

ಬಾಯಮ್ಮ ನಮ್ಮ ಸೋಫಾದ ಅಂಚಿನಲ್ಲಿ ಬಂದು ಕೂತರು. ಚೀಲ ಮಡಿಲಿಂದ ಇಳಿಸಲಿಲ್ಲ. ಲಿಫ್ಟಿನ ಸದ್ದಾದಾಗಲೆಲ್ಲ ಮೂವರೂ ಬಾಗಿಲ ಕಡೆ ನೋಡುತ್ತಿದ್ದೆವು. ಕೆಲಸ, ಇಕಾಮಾ, ಕೊನೆಗೆ ಕೈಗೆ ಬರುವ ಇಡುಗಂಟು ಎಲ್ಲ ಒಂದೇ ದಿನದಲ್ಲಿ ಹೋಗಬಹುದಿತ್ತು. ಕೊನೆಗೆ ಅವರು ಎದ್ದರು. “ಬಾ, ವಾಪಸು ಕೊಡುವ,” ಎಂದರು. ನಾನೂ ಜೊತೆಗೆ ಹೋದೆ. ಒಂದೊಂದು ಬಾಗಿಲು ತಟ್ಟುವ ಮೊದಲೂ ಅವರು ನನ್ನ ತೋಳು ಹಿಡಿದುಕೊಳ್ಳುತ್ತಿದ್ದರು.

ಆ ಇಬ್ಬರು ಮತ್ತೆ ಬರಲಿಲ್ಲ. ಯಾರೆಂದು ಇಂದಿಗೂ ಗೊತ್ತಿಲ್ಲ. ಆದರೆ ಆಮೇಲೆ ಎಷ್ಟೋ ದಿನ ಬಾಯಮ್ಮ ಗೇಟಿನಲ್ಲಿ ತಲೆ ತಗ್ಗಿಸಿ ಓಡುತ್ತಿದ್ದರು. ಆಸ್ಪತ್ರೆಯ ಹೆಸರೆತ್ತಲಿಲ್ಲ. ಮುಗಿಯಿತು ಎಂದುಕೊಂಡೆ.

ಒಂದು ಸಂಜೆ ಬಂದವರು ಕೂರಲೂ ಇಲ್ಲ. “ಇಲ್ಲಿ ಯಾರತ್ರವೂ ಒಂದು ಫಿಲ್ಸ್ ಕಾಸೂ ಬೇಡ. ನೀನು ಊರಿಗೆ ಅಮ್ಮನಿಗೆ ಫೋನ್ ಮಾಡು. ತಿಂಗಳಿಗೊಂದು ದಿನದ ಗಂಜಿ, ಪಲ್ಯ ನಿಮ್ಮ ಮನೆಯಿಂದ ಆಗ್ತದಾ ಕೇಳು.”

“ನಿಮಗೆ ಹೆದರಿಕೆ ಹೋಯ್ತಾ ಬಾಯಮ್ಮ?”

“ಎಲ್ಲಿ ಹೋಗ್ತದೆ? ಅದು ಇರ್ಲಿ. ನೀನು ಫೋನ್ ಮಾಡು.”

ನನ್ನ ಅಮ್ಮ ಒಪ್ಪಿದರು. ಮೇಲಿನ ಮಹಡಿಯ ಬ್ಯಾರಿ ಮುಸ್ಲಿಂ ಹುಡುಗನ ಊರಿನ ಮನೆಯವರು ಒಪ್ಪಿದರು, ಚರ್ಚಿನ ವಠಾರದವರು ಒಪ್ಪಿದರು. ಡಾಕ್ಟರ ಸಂಬಳದ ಒಂದು ಪಾಲನ್ನು ಬಾಯಮ್ಮ ತಮ್ಮ ದುಡಿಮೆಯಿಂದ ಟ್ರಸ್ಟಿಗೆ ಕಳಿಸುವುದಾಗಿ ಬರೆದುಕೊಟ್ಟರು. ಟ್ರಸ್ಟಿನವರು ಮುಚ್ಚುವ ಮಾತು ಮುಂದಕ್ಕೆ ಹಾಕಿದರು. ಹೆರಿಗೆ ಮಾಡಿಸುವುದು ಮಾತ್ರ ನಿಂತೇ ಹೋಯಿತು. ಅದಕ್ಕೆ ಡಾಕ್ಟರು ಸಿಗಲಿಲ್ಲ. ಅಂದು ಬಾಯಮ್ಮ ನಮ್ಮ ಅಡುಗೆಮನೆಯಲ್ಲಿ ನಿಂತು ಅತ್ತರು.

ಕಳೆದ ವರ್ಷ ನಿವೃತ್ತರಾಗಿ ಊರಿಗೆ ಹೋದರು. ಕೆಲವೇ ತಿಂಗಳಲ್ಲಿ ಕಿಡ್ನಿ ಕೈಕೊಟ್ಟಿತು. ಎಂಟು ಮಂಚದ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಎಲ್ಲಿಂದ ಬರಬೇಕು? ಬಾಯಮ್ಮನ ತಂಗಿ ಅವರನ್ನು ಮಂಗಳೂರಿನ ದೊಡ್ಡ ಆಸ್ಪತ್ರೆಗೆ ಸೇರಿಸಿದರು.

ಮಗಳನ್ನು ಕರೆತರಲು ಶಾಲೆಯ ಹೊರಗೆ ನಿಂತಿದ್ದಾಗ ಬಾಯಮ್ಮನ ಫೋನು ಬಂತು. ದನಿ ಅರ್ಧ ಕೇಳುತ್ತಿತ್ತು.

“ನಮ್ಮ ಆಸ್ಪತ್ರೆಯಲ್ಲಿ ಇವತ್ತು ಎಷ್ಟು ಜನ ಇದ್ದಾರೆ? ಇಲ್ಲಿ ಯಾರೂ ನನಗೆ ಸರಿಯಾಗಿ ಹೇಳುದಿಲ್ಲ. ಮುಚ್ಚಿದ್ರಾ ಹೇಗೆ?”

“ಈಗಲೇ ಕೇಳಿ ಹೇಳ್ತೇನೆ,” ಎಂದೆ. ಅಮ್ಮನ ಫೋನು ಸಿಗಲಿಲ್ಲ. ಮತ್ತೆ ಮತ್ತೆ ಮಾಡಿದೆ. ಸಿಕ್ಕಿದ ಮೇಲೆ ಅಮ್ಮ ಅಲ್ಲಿಗೆ ಹೋಗಿ ನೋಡಿ ಬರಬೇಕಾಯಿತು. ನಾನು ತಿರುಗಿ ಮಾಡಿದಾಗ ತಂಗಿ ಎತ್ತಿಕೊಂಡರು.

“ಬಾಯಮ್ಮನಿಗೆ ಹೇಳಿ, ಐದು ಜನ ಇದ್ದಾರಂತೆ,” ಎಂದೆ.

ಬಾಯಮ್ಮ ಆಗಲೇ ಹೋಗಿಬಿಟ್ಟಿದ್ದಾರೆ ಎಂದು ಆ ಕಡೆಯಿಂದ ಅಳು ಕೇಳಿದ ಮೇಲೆಯೇ ನನಗೆ ಗೊತ್ತಾಯಿತು. ಅಳುವಿನ ನಡುವೆಯೇ ತಂಗಿ ಕೇಳಿದರು, “ಐದಾ? ಸರಿ ಗೊತ್ತುಂಟಾ?”

“ಹೌದು. ಅಮ್ಮ ನೋಡಿ ಬಂದದ್ದು.”

“ಇರಿ, ಅಕ್ಕನ ಕಿವಿಯಲ್ಲಿ ಹೇಳಿ ಬರ್ತೇನೆ,” ಎಂದು ಫೋನು ಕೆಳಗಿಟ್ಟರು.