ಇಳಕಲ್ಲಿಗೆ ಬಂಪರ್ ತಂದ ಅಳಿಯ

ಹೋದ ವಾರ ಬಾದಾಮಿಯ ಬಸ್ ನಿಲ್ದಾಣದ ಹತ್ತಿರದ ಚಹಾದಂಗಡಿಯಲ್ಲಿ ನಾನೂ ನನ್ನ ಹೆಂಡತಿಯೂ ಕುಳಿತಿದ್ದೆವು. ಎದುರಿಗೆ ಒಂದು ಹಳೆಯ ಕಾರು ಬಂದು ನಿಂತಿತು. ಅದರ ಮುಂದಿನ ಬಂಪರನ್ನು ನೂಲಿನ ಹಗ್ಗದಿಂದ ಬಿಗಿದಿದ್ದರು. ಹಲ್ಲುನೋವಿಗೆ ಗದ್ದಕ್ಕೆ ಅರಿವೆ ಕಟ್ಟಿಕೊಂಡ ಮುದುಕನ ಹಾಗೆ ಕಾಣುತ್ತಿತ್ತು ಪಾಪ. ಕಪ್ಪಿನಿಂದ ಬಸಿಗೆ ಚಹಾ ಸುರಿದುಕೊಳ್ಳುತ್ತಿದ್ದ ಹೆಂಡತಿ ಅದನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು, ನಕ್ಕಳು. ಆ ನಗೆ ನಿಮಗೆ ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಮ್ಮ ಮದುವೆಯಾಗಿ ಆಗ ಎರಡು ತಿಂಗಳೂ ತುಂಬಿರಲಿಲ್ಲ. ನಾನು ಬಾಗಲಕೋಟೆಯ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದೆ. ತಾಸುಗಟ್ಟಲೆ ಮಾತಾಡುವುದೇ ನನ್ನ ಹೊಟ್ಟೆಪಾಡು. ಆದರೆ ಮನೆಗೆ ಬಂದು ಹೊಸ ಹೆಂಡತಿಯ ಎದುರು ನಿಂತರೆ ನಾಲಿಗೆ ಏಳುತ್ತಿರಲಿಲ್ಲ. ಅವಳನ್ನು ಏನೆಂದು ಕರೆಯಬೇಕೆಂಬುದೇ ನನ್ನಲ್ಲಿ ಇತ್ಯರ್ಥವಾಗಿರಲಿಲ್ಲ. ಹೆಸರು ಹಿಡಿದು ಕರೆದರೆ ಅವ್ವ ಏನಂದುಕೊಂಡಾಳು? ಹೆಸರಿಲ್ಲದೆ ಕರೆದರೆ ಇವಳೇ ಏನಂದುಕೊಂಡಾಳು? ಹೀಗಾಗಿ ಕೆಮ್ಮುತ್ತಿದ್ದೆ. ಅವಳು ಬಂದು ನೀರು ಇಟ್ಟು ಹೋಗುತ್ತಿದ್ದಳು. ಮಗನಿಗೆ ಖರೇನೇ ಕೆಮ್ಮು ಹತ್ತಿದೆಯೆಂದು ಅವ್ವ ಶುಂಠಿ ಕಷಾಯ ಕುದಿಸುತ್ತಿದ್ದಳು. ಎರಡು ತಿಂಗಳಲ್ಲಿ ನಾನು ಕುಡಿದಷ್ಟು ಕಷಾಯ ಯಾವ ರೋಗಿಯೂ ಕುಡಿದಿರಲಾರ.

ಅವಳ ತವರು ಇಳಕಲ್ಲು. ಮೊದಲ ದೀಪಾವಳಿಗೆ ಅಳಿಯ ಮಗಳು ಇಬ್ಬರೂ ಬರಬೇಕೆಂದು ಮಾವನವರು ಕರೆದಿದ್ದರು. ಬಸ್ಸಿನಲ್ಲಿ ಹೋಗಬಹುದಿತ್ತು, ಆದರೆ ಮದುವೆಗೆ ಸ್ವಲ್ಪ ಮೊದಲು ನಾನೊಂದು ಹಳೆಯ ಕಾರು ಕೊಂಡಿದ್ದೆ. ನನಗಿಂತ ಮುಂಚೆ ಅದನ್ನು ಆಳಿದವರ ಚಟಗಳೆಲ್ಲ ಅದಕ್ಕೆ ಅಂಟಿದ್ದವು. ಎಡಕ್ಕೆ ಎಳೆಯುತ್ತಿತ್ತು, ಏರು ಬಂದರೆ ಮುಲುಗುತ್ತಿತ್ತು. ಆದರೂ ಕಾರು ಕಾರೇ. ಹೊಸ ಅಳಿಯ ಕಾರಿನಲ್ಲಿ ಇಳಿಯುವ ಗತ್ತು ಬಸ್ಸಿನಲ್ಲಿ ಎಲ್ಲಿ ಬರಬೇಕು?

ಅಮೀನಗಡ ದಾಟಿ ಸ್ವಲ್ಪ ದೂರ ಹೋಗಿರಬೇಕು. ರಸ್ತೆಯ ಮೇಲೆ ಸಜ್ಜೆಯ ತೆನೆ ಹರವಿದ್ದರು. ಗಾಡಿಗಳು ಹಾಯ್ದು ಕಾಳು ಉದುರಲೆಂದು ಹಾಗೆ ಹರವುವುದು, ಅಂಚಿಗೆ ಕಲ್ಲು ಇಡುವುದು ನಮ್ಮ ಕಡೆಯ ರೂಢಿ. ಮೆಲ್ಲಗೆ ಅದರ ಮೇಲೆಯೇ ಹಾಯಿಸಿದ್ದರೆ ಅವರಿಗೂ ಉಪಕಾರ, ನನಗೂ ಕ್ಷೇಮ. ಆದರೆ ಪಕ್ಕದಲ್ಲಿ ಹೊಸ ಹೆಂಡತಿ ಕುಳಿತಿದ್ದಳಲ್ಲ! ತೆನೆಗೆ ತಾಗದಂತೆ ಬಳುಕಿಸಿಕೊಂಡು ಹೋಗಿ ಕೈಚಳಕ ತೋರಿಸೋಣವೆಂದು ಅಂಚಿಗೆ ತಿರುವಿದೆ. ಧಡ್ ಎಂದಿತು.

ಕಸಬರಿಗೆ ಹಿಡಿದಿದ್ದ ಮುದುಕಿಯೊಬ್ಬಳು ಓಡಿ ಬಂದಳು. "ಇಷ್ಟ ದೊಡ್ಡ ಕಲ್ಲ ಕಾಣಲಿಲ್ಲೇನಪಾ ನಿನಗ?"

ಬಂಪರಿನ ಎಡ ತುದಿ ಕಳಚಿ ನೆಲ ಮುಟ್ಟಿತ್ತು. ಹಾಗೇ ಹೋದರೆ ಗಾಲಿಗೆ ಸಿಕ್ಕುತ್ತದೆ, ಪೂರ್ತಿ ಬಿಚ್ಚಲೇಬೇಕು. ಗ್ಯಾರೇಜಿನಲ್ಲಿ ಒಮ್ಮೆ ಬಿಚ್ಚುವುದನ್ನು ನೋಡಿದ್ದೆ, ಅದೇ ಧೈರ್ಯ. ಬಾನೆಟ್ ಎತ್ತಿ ಮೇಲಿನ ಕ್ಲಿಪ್ಪುಗಳನ್ನು ಮೀಟಿ ತೆಗೆದೆ. ಗಾಲಿಗಳ ಸಂದಿಯಲ್ಲಿ ಕೈ ತೂರಿಸಿ ಎರಡೂ ಕಡೆಯ ಸ್ಕ್ರೂ ಬಿಚ್ಚಿದೆ. ಕೆಳಗಿನವುಗಳಿಗಾಗಿ ಹಬ್ಬದ ಬಿಳಿ ಅಂಗಿಯಲ್ಲೇ ಧೂಳಿನಲ್ಲಿ ಅಂಗಾತ ಮಲಗಿದೆ. ಇಷ್ಟಾದರೂ ಅದು ಬರಲೊಲ್ಲದು. ಒಂದು ತುದಿ ಎಳೆದರೆ ಇನ್ನೊಂದು ಹಿಡಿದುಕೊಳ್ಳುತ್ತಿತ್ತು.

"ಯವ್ವಾ, ನೀ ಏನ ನೋಡಕೋತ ನಿಂತಿ? ಆ ಕಡಿ ಹಿಡಿ. ಒಬ್ಬರ ಕೈಲೆ ಆಗೂ ಕೆಲಸಲ್ಲ ಅದು" ಎಂದಳು ಮುದುಕಿ.

ಹೆಂಡತಿ ಸೆರಗು ಸಿಗಿಸಿಕೊಂಡು ಬಂದು ಆ ತುದಿ ಹಿಡಿದಳು. ಇಬ್ಬರೂ ಹೊರಕ್ಕೆ ಸ್ವಲ್ಪ ಅಗಲಿಸಿ ಮುಂದಕ್ಕೆ ಜಗ್ಗಿದೆವು. "ತಡೀರಿ, ತಡೀರಿ, ಇಲ್ಲೆ ವೈರ್ ಅದ" ಎಂದು ಅವಳೇ ಬಂಪರಿನಲ್ಲಿದ್ದ ಮಂಜುದೀಪದ, ಅಂದರೆ ಫಾಗ್ ಲೈಟಿನ, ವೈರು ಬಿಡಿಸಿದಳು. ಬಂಪರ್ ನಮ್ಮಿಬ್ಬರ ಕೈಗೆ ಬಂತು.

ಅದನ್ನು ಕಾರಿನೊಳಗೆ ಹಾಕಲು ಮುಂದಿನ ಎಡ ಸೀಟನ್ನು ಪೂರ್ತಿ ಹಿಂದಕ್ಕೆ ವಾಲಿಸಬೇಕಾಯಿತು. ಅವಳು ನನ್ನ ಬೆನ್ನ ಹಿಂದೆ, ಬಂಪರನ್ನು ತಬ್ಬಿಕೊಂಡು ಕುಳಿತಳು. ಹುನಗುಂದ ಇನ್ನೂ ಮುಂದಿತ್ತು. ಹಿಂದಿನಿಂದ ದನಿ ಬಂತು.

"ಒಂದ ಮಾತ ಹೇಳಲಿ? ಹೊಳ್ಳಿ ನೋಡಬ್ಯಾಡ್ರಿ. ರಸ್ತೆ ನೋಡಕೋತ ಕೇಳ್ರಿ."

"ಹೇಳು."

"ಈ ಸಲ ಹೋದಾಕಿ ತಿರುಗಿ ಬರಬಾರ್ದಂತ ಮಾಡೇನಿ. ನನ್ನ ಅರಿವಿ ಎಲ್ಲಾ ತಂದೇನಿ."

ನನ್ನ ಕಾಲು ತಾನೇ ಬ್ರೇಕಿನ ಮೇಲೆ ಹೋಯಿತು. "ಯಾಕ?"

"ನಿಮಗ ನಾ ಮನಸಿಗಿ ಬಂದಿಲ್ಲ. ಎಲ್ಲಾರ ಕೂಡ ಮಾತಾಡ್ತೀರಿ. ನಾ ಬಂದ ಕೂಡ್ಲೆ ಪೇಪರ್ ಹಿಡೀತೀರಿ."

"ನಾ ಪೇಪರ್ ಓದ್ತಿದ್ದಿಲ್ಲ."

"ಮತ್ತೇನ ಮಾಡ್ತಿದ್ರಿ?"

"ನಿನ್ನ ಕೂಡ ಏನ ಮಾತಾಡೂದಂತ ವಿಚಾರ ಮಾಡ್ತಿದ್ದೆ."

"ಎರಡ ತಿಂಗಳಾ?" ಎಂದಳು. ಆಮೇಲೆ ಇಳಕಲ್ಲು ಬರುವವರೆಗೂ ನಾನು ಮಾತಾಡಿದೆ. ಏನು ಮಾತಾಡಿದೆನೋ ನೆನಪಿಲ್ಲ. ಮುಖ ಕಾಣದಿದ್ದುದರಿಂದ ಎಲ್ಲವನ್ನೂ ಮಾತಾಡಿರಬೇಕು.

ಮಾವನವರು ಆರತಿ ತಟ್ಟೆ ಹಿಡಿಸಿಕೊಂಡು ಬಾಗಿಲಲ್ಲಿ ನಿಂತಿದ್ದರು. ಅಳಿಯ ಮೈತುಂಬ ಧೂಳು, ಕಾರಿಗೆ ಮೂತಿಯಿಲ್ಲ, ಮಗಳ ತೊಡೆಯ ಮೇಲೆ ಬಂಪರು. ಅವರು ಏನೂ ಕೇಳದೆ, "ಮದಲ ಕೈಕಾಲ ತೊಳಕೋರಿ" ಎಂದರು. ದೊಡ್ಡ ಮನುಷ್ಯರು. ಊಟಕ್ಕೆ ಕುಳಿತಾಗ ಮಗಳನ್ನು ಕೇಳಿದರು: "ಎಷ್ಟ ದಿನ ಇರಾಕಿ ಯವ್ವಾ?"

"ಬಂಪರ್ ಕೂಡಲಿ ತಡೀರಿ, ಆಮ್ಯಾಲೆ ಹೇಳತೇನಿ" ಎಂದಳು ಅವಳು. ನಾನು ಕೈಯಲ್ಲಿದ್ದ ಹೋಳಿಗೆಯನ್ನು ತಟ್ಟೆಗೆ ಇಟ್ಟೆ.

ಮರುದಿನ ಬೆಳಿಗ್ಗೆ ಅಂಗಳದಲ್ಲಿ ಇಬ್ಬರೂ ಕೂಡಿಸಲು ನಿಂತೆವು. ಬಿಚ್ಚುವುದಕ್ಕಿಂತ ಕೂಡಿಸುವುದು ನಾಜೂಕು. ಎರಡೂ ತುದಿ ಒಮ್ಮೆಲೇ ಬದಿಯ ಕೊಂಡಿಗೆ ಸಿಗಬೇಕು. ಒಬ್ಬರು ಅವಸರ ಮಾಡಿದರೆ ಇನ್ನೊಬ್ಬರದು ಜಾರುತ್ತದೆ. ಹೇಗೋ ಟಕ್ಕೆಂದು ಕೂತಿತು. ಮೇಲಿನ ಕ್ಲಿಪ್ಪು, ಕೆಳಗಿನ ಸ್ಕ್ರೂ ಎಲ್ಲ ಬಿಗಿದು ಬೆವರು ಒರೆಸಿಕೊಂಡೆವು. ಆಗ ಅವಳು, "ಅಯ್ಯ, ವೈರ್!" ಎಂದಳು. ಮಂಜುದೀಪದ ವೈರು ಹಚ್ಚುವುದನ್ನು ಇಬ್ಬರೂ ಮರೆತಿದ್ದೆವು. ಎಲ್ಲವನ್ನೂ ಮತ್ತೆ ಬಿಚ್ಚಬೇಕು. ಅವಳು ಅಂಗಳದಲ್ಲಿ ಕುಕ್ಕರಿಸಿ ನಗತೊಡಗಿದಳು. ಅವಳು ಹಾಗೆ ನಗುತ್ತಾಳೆಂದು ನನಗೆ ಗೊತ್ತೇ ಇರಲಿಲ್ಲ. ಎರಡನೆಯ ಸಲ ಮೊದಲು ವೈರು ಹಚ್ಚಿ ಆಮೇಲೆ ಕೂಡಿಸಿದೆವು. ಹಬ್ಬ ಮುಗಿದ ದಿನ ಅವಳು ತಾನೇ ಬ್ಯಾಗು ತಂದು ಕಾರಿನಲ್ಲಿಟ್ಟಳು.

ಈ ಕತೆಯನ್ನು ನಾನು ಎಷ್ಟೋ ಜನರಿಗೆ ಹೇಳಿದ್ದೇನೆ. ನಮ್ಮ ಸಂಸಾರ ಆ ಅಂಗಳದಲ್ಲೇ ಗಟ್ಟಿಯಾಯಿತೆಂದು ಕೊನೆಯಲ್ಲಿ ಸೇರಿಸುತ್ತಿದ್ದೆ. ಬಾದಾಮಿಯ ಚಹಾದಂಗಡಿಯಲ್ಲೂ ಹಾಗೇ ಅಂದೆ: "ಅವತ್ತ ನೀ ನಿರ್ಧಾರ ಮಾಡಿದಿ ನೋಡು."

ಅವಳು ಬಸಿ ಕೆಳಗಿಟ್ಟಳು. "ಅವತ್ತ ಯಾರ ನಿರ್ಧಾರ ಮಾಡಿದ್ರು? ನೋಡೂಣಂತ ಬಂದಿದ್ದೆ. ಅರಿವಿ ಬ್ಯಾಗ ಬಿಚ್ಚಿದ್ದು ಮುಂದಿನ ದೀಪಾವಳಿ ಆದ ಮ್ಯಾಲೆ."

ಒಂದು ವರ್ಷ! ನಾನು ನಿಶ್ಚಿಂತೆಯಿಂದ ಉಂಡು, ಮಲಗಿ, ಕಾಲೇಜಿಗೆ ಹೋಗಿಬರುತ್ತಿದ್ದ ಆ ವರ್ಷವೆಲ್ಲ ಅವಳು ನನ್ನನ್ನು ನೋಡುತ್ತಿದ್ದಳು. ಮೆಲ್ಲಗೆ ಕೇಳಿದೆ, "ಏನ ನೋಡಿ ಉಳಕೊಂಡಿ ಮತ್ತ?"

"ಅದನ್ನ ಹೇಳೂದಿಲ್ಲ. ಹೇಳಿದ್ರ ನೀವು ಅದೊಂದನ್ನ ಮಾಡಕೋತ ಕೂಡತೀರಿ" ಎಂದು ಎದ್ದಳು.

ನಮ್ಮ ಕಾರಿನಲ್ಲಿ ಬಾಗಲಕೋಟೆಗೆ ಹಿಂದಿರುಗುವಾಗ ಅವಳಿಗೆ ನಿದ್ದೆ ಹತ್ತಿತು. ನಾನು ಗಾಡಿ ನಿಧಾನ ಮಾಡಿದೆ. ಬಿಸಿಲು ಅವಳ ಮುಖಕ್ಕೆ ಬೀಳುತ್ತಿತ್ತೆಂದು ಮುಂದಿನ ಗಾಜಿನ ಬಿಸಿಲುತೆರೆ ಇಳಿಸಿದೆ. ಅವಳು ನೋಡಿ ಉಳಿದದ್ದು ಇದೇ ಇದ್ದೀತೇ? ತಿಳಿಯದು. ತಿಳಿಯದ್ದರಿಂದ, ಈ ವಾರವೆಲ್ಲ ನಾನು ಯಾವುದನ್ನೂ ಬಿಡದೆ ಮಾಡುತ್ತಿದ್ದೇನೆ.