ಮುದ್ದೆ ಅಗಿದ ಸೊಸೆ

ದಬ್, ದಬ್, ದಬ್. ಗಾವಡಗೆರೆಯ ನಮ್ಮ ಅಡುಗೆಮನೆಯಲ್ಲಿ ಹಿಟ್ಟಿನ ಕೋಲು ಮಡಕೆಯೊಳಗೆ ತಿರುಗುತ್ತಿದ್ದ ಆ ಸದ್ದು ಈ ವಯಸ್ಸಿನಲ್ಲೂ ನನ್ನ ಕಿವಿ ಬಿಟ್ಟು ಹೋಗಿಲ್ಲ. ಮನೆಯ ಉಳಿದವರಿಗೆಲ್ಲ ಅದು ಊಟದ ಕರೆ. ಸಾವಿರದ ಒಂಬೈನೂರ ಎಪ್ಪತ್ತರ ಆಸುಪಾಸಿನ ಆ ಬೇಸಿಗೆಯಲ್ಲಿ ನನಗೆ ಮಾತ್ರ ಅದನ್ನು ಕೇಳಿದರೆ ಪರೀಕ್ಷೆಯ ಬೆಲ್ ಹೊಡೆದಂತಾಗುತ್ತಿತ್ತು.

ನಾನಾಗ ಭಾರೀ ಹೆಂಗಸು. ಹುಣಸೂರು ಬಸ್ಸಿನ ಮೂರು ಜನರ ಸೀಟಿನಲ್ಲಿ ನಾನು ಕೂತರೆ ಕಂಡಕ್ಟರ್ ಇನ್ನೊಬ್ಬರನ್ನು ಕೂರಿಸಿ ಮೂರನೆಯವರ ಆಸೆ ಬಿಡುತ್ತಿದ್ದ. ಸಾಲದ್ದಕ್ಕೆ ಅಲ್ಸರ್. ಮೈಸೂರಿನಲ್ಲಿ ಸರ್ಜನ್ ನನ್ನ ಜಠರದ ಅರ್ಧಕ್ಕಿಂತ ಹೆಚ್ಚು ಭಾಗ ಕತ್ತರಿಸಿ ತೆಗೆದರು. "ಇನ್ನು ನಿಮ್ಮದು ಟೀ ಕಪ್ಪಿನಷ್ಟು ಹೊಟ್ಟೆ. ತೂಕ ತಾನಾಗಿ ಇಳಿಯುತ್ತೆ, ಅದು ಬೋನಸ್. ಆದರೆ ಸಿಹಿ ಮುಟ್ಟಬೇಡಿ, ಪ್ರತಿ ತುತ್ತನ್ನೂ ಮೂವತ್ತು ಸಲ ಅಗಿಯಿರಿ. ಹೊಲಿಗೆ ಬಿಟ್ಟುಕೊಂಡರೆ ಎರಡನೇ ಸಲ ತೆರೆಯೋ ಧೈರ್ಯ ನನಗಿಲ್ಲ" ಎಂದರು. ಜೂನ್‌ನಲ್ಲಿ ಸ್ಕೂಲ್ ತೆರೆಯುವ ಹೊತ್ತಿಗೆ ನಾನು ಪಾಠ ಹೇಳುತ್ತಿದ್ದ ಐದನೇ ಕ್ಲಾಸಿನ ಮುಂದೆ ನೆಟ್ಟಗೆ ನಿಲ್ಲಲೇಬೇಕೆಂದು ಆಸ್ಪತ್ರೆಯ ಮಂಚದಲ್ಲೇ ಹಟ ತೊಟ್ಟೆ.

ಅಗಿಯುವುದು ಏನು ಮಹಾ ಎನ್ನುತ್ತೀರಾ? ನಮ್ಮ ಸೀಮೆಯಲ್ಲಿ ಮುದ್ದೆಯನ್ನು ಅಗಿಯುವಂತಿಲ್ಲ. ಮುರಿದು, ಸಾರಿನಲ್ಲಿ ಅದ್ದಿ, ನುಂಗಬೇಕು. ಕಾನ್ವೆಂಟ್‌ನ ಊಟದ ಹಾಲ್‌ನಲ್ಲಿ, ಬಾಯಿ ಮುಚ್ಚಿ ನಿಧಾನವಾಗಿ ಅಗಿಯುವುದೇ ಮ್ಯಾನರ್ಸ್ ಎಂದು ಸಿಸ್ಟರ್‌ಗಳಿಂದ ಕಲಿತು ಬಂದವಳು ನಾನು. ಮದುವೆಯಾದ ಮೊದಲ ದಿನ ಮುದ್ದೆ ಅಗಿದದ್ದಕ್ಕೆ ಇಡೀ ಪಂಕ್ತಿಯೇ ನಕ್ಕಿತ್ತು. "ನೋಡ್ರಮ್ಮೋ, ಹೊಸ ಹೆಣ್ಣು ಎಮ್ಮೆ ಮೆಲುಕು ಆಕ್ದಂಗೆ ಅಗೀತಾವ್ಳೆ!" ಎಂದು ಪಕ್ಕದ ಮನೆಯ ಪುಟ್ಟಮ್ಮ ಕೂಗಿದ್ದಳು. ನುಂಗಲು ಕಲಿಯುವುದಕ್ಕೆ ನನಗೆ ಎರಡು ವರ್ಷ ಹಿಡಿಯಿತು. ಕಲಿತ ಮೇಲೆ ಎಷ್ಟು ಚೆನ್ನಾಗಿ ನುಂಗಿದೆ ಎಂಬುದಕ್ಕೆ ಬಸ್ ಕಂಡಕ್ಟರೇ ಸಾಕ್ಷಿ.

ಈಗ ಕಲಿತದ್ದನ್ನು ಮರೆಯಬೇಕಿತ್ತು. ಅದಕ್ಕೆ ಎದುರಾಳಿ ಎಂದರೆ ನನ್ನ ಅತ್ತೆ. ಆಸ್ಪತ್ರೆಯ ನೆಲದ ಮೇಲೆ ಚಾಪೆ ಹಾಸಿಕೊಂಡು ಹನ್ನೆರಡು ದಿನ ನನ್ನನ್ನು ಕಾದ ಜೀವ ಅದು. ಅವರ ಒಬ್ಬಳೇ ಮಗಳು ಕಾಯಿಲೆ ಬಿದ್ದು ಸೊರಗುತ್ತ ಸೊರಗುತ್ತಲೇ ಹೋಗಿಬಿಟ್ಟಿದ್ದಳು. ಹಾಗಾಗಿ ನನ್ನ ರವಿಕೆ ಸಡಿಲವಾದಷ್ಟೂ ಅವರ ಕಣ್ಣಲ್ಲಿ ಭಯ ಹೆಚ್ಚುತ್ತಿತ್ತು.

"ಇನ್ನೊಂದ್ ತುತ್ತು ಉಣ್ಣವ್ವ."

"ಸಾಕು ಅತ್ತೆ, ಹೊಟ್ಟೇಲಿ ಜಾಗ ಇಲ್ಲ."

"ಬಿರ್‍ರನೆ ನುಂಗ್ಬುಡು, ಒಟ್ಟೆಗೆ ಗೊತ್ತಾಗಕಿಲ್ಲ!"

ಇಂಥ ಪ್ರೀತಿಯ ಮುಂದೆ ನನ್ನ ಇಂಗ್ಲಿಷ್ ವಿಲ್ ಪವರ್ ಎಷ್ಟರದು? ಯುಗಾದಿಯ ದಿನ ಸೋತೆ. ಶಾವಿಗೆಗೆಂದು ಮಾಡಿದ್ದ ಬೆಲ್ಲದ ಕಾಯಿಹಾಲನ್ನು ಲೋಟದ ತುಂಬ ತಂದು, "ಇದ್ರಾಗೆ ಅಗಿಯಕೇ ಏನಿಲ್ವಲ್ಲ, ನಿನ್ ಡಾಕ್ಟ್ರು ಏನ್ ಅಂದಾರು? ಕುಡುದ್ಬುಡವ್ವ" ಎಂದರು. ಲಾಜಿಕ್ ಸರಿಯಾಗಿಯೇ ಇತ್ತು, ಸಿಹಿಯ ಮಾತೊಂದನ್ನು ಬಿಟ್ಟರೆ. ಕುಡಿದೆ. ಅರ್ಧ ಗಂಟೆಯಾಗಿರಲಿಲ್ಲ, ಎದೆ ಡವಡವ ಹೊಡೆದುಕೊಂಡು, ಮೈಯೆಲ್ಲ ಬೆವೆತು, ನಡುಮನೆಯ ಕಂಬ ಹಿಡಿದು ಕುಸಿದೆ. ಕಣ್ಣು ಬಿಟ್ಟಾಗ ಅತ್ತೆ ಸೆರಗಿನಿಂದ ಗಾಳಿ ಹಾಕುತ್ತ, "ನನ್ ಕೈಯಾರೆ ಇನ್ನೊಬ್ಬಳ್ನೂ ಕಳ್ಕೊಬುಡ್ತಿದ್ನಲ್ಲ" ಎಂದು ಅಳುತ್ತಿದ್ದರು. ಅವರ ಕೈ ಹಿಡಿದು ಹೇಳಿದೆ: "ನಾನು ಸೊರಗ್ತಾ ಇಲ್ಲ ಅತ್ತೆ, ವಾಸಿ ಆಗ್ತಾ ಇದ್ದೀನಿ. ನೀವು ಜೊತೆಗಿದ್ದರೆ ಆಗ್ತೀನಿ."

ಮರುದಿನ ಮಧ್ಯಾಹ್ನ ದಬ್, ದಬ್ ಸದ್ದು ನಿಂತ ಮೇಲೆ ನನ್ನ ತಟ್ಟೆಗೆ ನಿಂಬೆಹಣ್ಣಿನಷ್ಟೇ ಮುದ್ದೆ ಬಂತು. ಎದುರಿಗೆ ಅವರೂ ಅಷ್ಟೇ ಮುದ್ದೆ ಇಟ್ಟುಕೊಂಡು ಕೂತರು. ಹುಟ್ಟಿದಾಗಿನಿಂದ ನುಂಗಿಯೇ ಗೊತ್ತಿದ್ದ ಆ ಜೀವ ಚೂರು ಮುರಿದು ಬಾಯಿಗಿಟ್ಟು ಅಗಿಯತೊಡಗಿತು! ಮುದ್ದೆ ವಸಡಿಗೆ ಅಂಟಿ ಮುಖ ಸೊಟ್ಟಗಾದರೂ ಬಿಡಲಿಲ್ಲ.

"ಎಷ್ಟಾಯ್ತವ್ವ?"

"ಹದಿನೇಳು."

"ಇನ್ನೂ ಅದಿಮೂರ್ ಐತೆ. ಕಳ್ಳಾಟ ಆಡ್ಬ್ಯಾಡ, ಅಗಿ."

ಆಮೇಲೆ ಅವರೇ ನನ್ನ ಹೆಡ್ ನರ್ಸ್. ನನ್ನನ್ನು ನೋಡಲು ಬೆಲ್ಲದ ಎರೆಯಪ್ಪ ಕರಿದು ತಂದ ಪುಟ್ಟಮ್ಮನಿಗೆ, "ಒತ್ತಾಯ ಮಾಡಿದ್ರೆ ಹಿಟ್ಟಿನ್ ಕೋಲು ತತ್ತೀನಿ ಕಣೆ. ಎರೆಯಪ್ಪವ ನೀನೇ ತಿನ್ಕೊಂಡ್ ಓಗು" ಎಂದುಬಿಟ್ಟರು. ಪುಟ್ಟಮ್ಮ ಜಗಲಿಯ ಮೇಲೆ ಕೂತು ಸಾವಕಾಶವಾಗಿ ತಿಂದುಕೊಂಡೇ ಹೋದಳು. ಜೂನ್‌ನಲ್ಲಿ ನಾನು ಶಾಲೆಗೆ ನಡೆದೇ ಹೋದೆ, ಹೊಸದಾಗಿ ಹೊಲಿಸಿದ ರವಿಕೆ ತೊಟ್ಟು.

ಹಟ ನನ್ನೊಬ್ಬಳದೇ ಎಂದುಕೊಂಡಿದ್ದೆ. ಅಗಿದವರು ಇಬ್ಬರು.

ಅತ್ತೆಯನ್ನು ನಾನು ಜೀವಂತವಾಗಿ ಕೊನೆಯ ಸಲ ನೋಡಿದ್ದು ಅದಾಗಿ ಐದು ವರ್ಷಕ್ಕೆ, ಟೀಚರ್ಸ್ ಟ್ರೈನಿಂಗ್‌ಗೆಂದು ಮೈಸೂರಿಗೆ ಹೊರಟ ಬೆಳಿಗ್ಗೆ. ಅಂಗೈಯಗಲದ ಎರಡು ರಾಗಿ ರೊಟ್ಟಿ ಕಟ್ಟಿಕೊಂಡು ಬಸ್ಸಿನವರೆಗೂ ಬಂದಿದ್ದರು. ಮೂವರ ಸೀಟಿನಲ್ಲಿ ನಾನು ಮೂರನೆಯವಳಾಗಿ ಕೂತೆ. ಬಸ್ಸು ಹೊರಟಿತು. ಇಂಜಿನ್ ಸದ್ದಿಗೆ ಅವರ ಮಾತು ಕೇಳಿಸಲಿಲ್ಲ. ಅದು ಅವರಿಗೂ ಗೊತ್ತಾಯಿತೇನೋ, ಧೂಳಿನಲ್ಲಿ ನಿಂತು ನನ್ನನ್ನೇ ನೋಡುತ್ತ, ಒಂದೂ ಹಲ್ಲಿಲ್ಲದ ಬಾಯನ್ನು ಮುಚ್ಚಿಕೊಂಡು ದವಡೆ ಆಡಿಸಿ ಆಡಿಸಿ ತೋರಿಸಿದರು. ಬರಿಬಾಯಲ್ಲೇ ನಾನೂ ಅಗಿಯುತ್ತ ಹೋದೆ, ಅವರು ಮರೆಯಾಗುವವರೆಗೂ.