ಸೆರಗಿಗೆ ಒರೆಸದ ಕೈ

ಗದಗಿನ ಹೆರಿಗೆ ಆಸ್ಪತ್ರೆಗೆ ಮರಿಮಗನನ್ನು ನೋಡಲು ಹೋದಾಗ, ಬಾಗಿಲ ಬಳಿಯ ನಲ್ಲಿಯ ಹತ್ತಿರ ಕೆಂಪು ಸಾಬೂನಿತ್ತು. ಅದರ ಕಟು ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಬಾಯಾರು ಎದುರಿಗೆ ಬಂದು ನಿಂತಂತಾಯಿತು…

ಸಂಸ್ಥಾನ ಹೋಗಿ ಲಕ್ಷ್ಮೇಶ್ವರ ಮುಂಬಯಿ ಪ್ರಾಂತಕ್ಕೆ ಸೇರಿದ ಹೊಸತು. ಅಲ್ಲಿಯ ದವಾಖಾನೆಗೆ ಬಂದಿದ್ದ ನರ್ಸನ್ನು ಊರೆಲ್ಲ ಬಾಯಾರು ಎನ್ನುತ್ತಿತ್ತು. ನನ್ನ ಚೊಚ್ಚಲ ಕೂಸು ನಮ್ಮೂರು ಅಡರಕಟ್ಟಿಯ ಮನೆಯಲ್ಲಿ ಹುಟ್ಟಿ, ತೊಟ್ಟಿಲೇರುವ ಮೊದಲೇ ಧನುರ್ವಾಯುವಿನಿಂದ ಹೋಗಿತ್ತು. ಕುಡುಗೋಲಿನಿಂದ ಹೊಕ್ಕುಳ ಬಳ್ಳಿ ಕೊಯ್ದು ಬೂದಿ ಮೆತ್ತಿದ್ದರು. ಆಗ ಎಲ್ಲರ ಮನೆಯಲ್ಲೂ ಹಾಗೆಯೇ. ಎರಡನೆಯದನ್ನಾದರೂ ಉಳಿಸಿಕೊಳ್ಳಲೇಬೇಕೆಂದು ಹಟ ಹಿಡಿದು ಚಕ್ಕಡಿ ಹತ್ತಿ ದವಾಖಾನೆಗೆ ಬಂದೆ.

ಬಾಯಾರದು ದೊಡ್ಡ ದನಿ. ಕತ್ತರಿ ಚೆನ್ನಾಗಿ ಕುದಿಯುವ ತನಕ ಅವರನ್ನು ಯಾರೂ ಅವಸರಪಡಿಸುವಂತಿರಲಿಲ್ಲ. ಗಂಡು ಹುಟ್ಟಿತು. ಮರುದಿನ ಅತ್ತೆ ಉಡಿಯಲ್ಲಿ ವಿಭೂತಿ ಕಟ್ಟಿಕೊಂಡು ಬಂದರು. ಬಾಯಾರು ಬಾಗಿಲಲ್ಲೇ ಕೈ ತೊಳೆಸಿದರು. ಅತ್ತೆ ತೊಳೆದು, ಸೆರಗಿಗೆ ಒರೆಸಿಕೊಂಡರು. ಒಲೆಯ ಗಡಿಗೆ ಇಳಿಸಿ, ಕರುವಿನ ಮೂತಿ ಒರೆಸಿದ ಸೆರಗು ಅದು.

"ಮತ್ತ ತೊಳೀರಿ, ಯವ್ವಾ."

"ಈಗ ತೊಳದೆನಲ್ಲರಿ?"

"ತೊಳದ ಕೈಲೆ ಸೆರಗು ಹಿಡದ್ರಿ."

ಮತ್ತೆ ತೊಳೆದರು. ಹುಟ್ಟಿದಾಗಿನ ರೂಢಿ ಬಿಡುತ್ತದೆಯೇ, ಕೈ ಮತ್ತೆ ಸೆರಗಿಗೇ ಹೋಯಿತು. ಕೊನೆಗೆ ಬಾಯಾರು ಅವರ ಎರಡೂ ಕೈ ಮೇಲೆತ್ತಿಸಿ, ಒಣಗುವ ತನಕ ನಿಲ್ಲಿಸಿದರು. ನನಗೆ ನಗು ತಡೆಯಲಾಗಲಿಲ್ಲ.

ಅತ್ತೆ ಕೂಸಿನ ಹೊಕ್ಕುಳಿಗೆ ವಿಭೂತಿ ಹಚ್ಚಲು ಬಾಗಿದಾಗ ನಗು ನಿಂತಿತು. ಬಾಯಾರು ಅಡ್ಡ ಬಂದರು.

"ಒಂದು ಕೂಸು ಕಳಕೊಂಡೇವ್ರಿ," ಅತ್ತೆ ಕೈ ಹಿಂದೆ ತೆಗೆಯಲಿಲ್ಲ.

"ಅದಕ್ಕ ಹೇಳಾಕತ್ತೇನಿ. ವಿಭೂತಿ ಹಣಿಗೆ ಹಚ್ರಿ. ಹೊಕ್ಕಳ ನನಗ ಬಿಡ್ರಿ."

ಅತ್ತೆ ಹಣೆಗೆ ಹಚ್ಚಿದರು. ಹೊಕ್ಕುಳು ಒಣಗಿ ಬಿತ್ತು, ಕೂಸು ತೊಟ್ಟಿಲೇರಿತು. ಮುಂದೆ ಅಡರಕಟ್ಟಿಯಲ್ಲಿ ಯಾರ ಮನೆಯ ಬಾಣಂತಿಯನ್ನು ನೋಡಲು ಹೋದರೂ, ಬಂದವರ ಕೈ ಮೇಲೆತ್ತಿಸುವ ಅಧಿಕಾರ ಅತ್ತೆಯದೇ ಆಯಿತು.

ಏಕೀಕರಣವಾದ ಮೇಲೆ, ಶಾಲೆಗೆ ಹಚ್ಚಿದ ಮಗನನ್ನು ತೋರಿಸಲೆಂದು ದವಾಖಾನೆಗೆ ಕರೆದುಕೊಂಡು ಹೋದೆ. ಬಾಯಾರಿಗೆ ವರ್ಗವಾಗಿತ್ತು. ಮುಂಡರಗಿ ಎಂದರು ಒಬ್ಬರು, ಶಿರಹಟ್ಟಿ ಎಂದರು ಇನ್ನೊಬ್ಬರು… ಎರಡೂ ಕಡೆ ಸಿಗಲಿಲ್ಲ.

"ಕೈ ಯಾಕ ಹಂಗ ಎತ್ಕೊಂಡು ನಿಂತೀರಿ, ಅಜ್ಜಿ?" ನಲ್ಲಿಯ ಬಳಿ ನನ್ನನ್ನು ನೋಡಿ ಗದಗಿನ ನರ್ಸ್ ಹುಡುಗಿ ಕೇಳಿದಳು.

"ನಮ್ಮ ಬಾಯಾರು ಕಲಿಸಿದ್ದವಾ. ಈ ಕೂಸಿನ ಅಜ್ಜನ್ನ ಉಳಿಸಿದವರು."

"ಈಗ ಎಲ್ಲಿ ಅದಾರ್ರಿ ಅವರು?"

ಕಣ್ಣು ತುಂಬಿ ಬಂತು. ಕೈ ತೊಳೆದಾಗಿತ್ತು, ಸೆರಗು ಮುಟ್ಟುವಂತಿರಲಿಲ್ಲ. ಹಾಗೆಯೇ ಹರಿಯಲು ಬಿಟ್ಟೆ.